ಒದ್ದೆ ಅಂಗಿ

ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ನಾನು ಗಟ್ಟಿಮುಟ್ಟಾಗಿದ್ದೇನೆ, ಮಂಡಿಯೊಂದು ನನ್ನ ಮಾತು ಕೇಳುವುದಿಲ್ಲ. ನಿನ್ನ ಪತ್ರ ಬಂದು ಐದು ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ, ಎರಡು ಸಲ ಬರೆದು ಹರಿದುಹಾಕಿದೆ.

ಕೆಲಸಕ್ಕೆ ಸೇರಿ ತಿಂಗಳಾಗಿಲ್ಲ, ಆಗಲೇ ಆಕಾಶ ತಲೆಯ ಮೇಲೆ ಬಿದ್ದವಳ ಹಾಗೆ ಬರೆದಿದ್ದೀಯಲ್ಲೇ! ಟೈಲರ್‌ಗೆ ಚಾಕು ಹಾಕಿದ ಕೇಸಿನಲ್ಲಿ ನೀನು ರಕ್ತದಿಂದ ನೆಂದ ಅಂಗಿಯನ್ನು ಒಣಗಿಸದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಮಾಡಿದೆ. ಮೂರನೇ ದಿನ ನೋಡಿದರೆ ಬೂಷ್ಟು. ಕಾಗದದ ಚೀಲಕ್ಕೆ ಬದಲಿಸಿ ಹಳೇ ತಾರೀಕು ಹಾಕಿಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ನಿಮ್ಮ ಇನ್ಸ್‌ಪೆಕ್ಟರು ಅಂದರಂತೆ. ಹಾಗೆ ಮಾಡಲೋ, ನೌಕರಿಗೇ ಎಳ್ಳುನೀರು ಬಿಡಲೋ ಎಂದು ಕೇಳಿದ್ದೀಯ. ಎರಡೂ ಬೇಡ.

ಮೂವತ್ತು ವರ್ಷ ಇದೇ ಸಾಕ್ಷ್ಯ ಸಂಗ್ರಹಿಸುವ ಕೆಲಸ ಮಾಡಿ ನಿವೃತ್ತಳಾದವಳ ಮಾತು ಕೇಳು. ಸ್ಥಳಕ್ಕೆ ಹೋದ ಕೂಡಲೇ ಕೈ ಕಟ್ಟಿಕೊಂಡು ನಿಲ್ಲು. ಮೊದಲು ಕಣ್ಣು, ಆಮೇಲೆ ಕ್ಯಾಮೆರಾ, ಕೊನೆಗೆ ಗ್ಲೌಸ್ ಹಾಕಿದ ಕೈ. ನಮ್ಮ ಸಾಹೇಬರೊಬ್ಬರು ಕೊಲೆಯಾದ ಮನೆಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತರು. ಅವರದೇ ಬೆರಳಚ್ಚಿನ ಒಡೆಯನನ್ನು ನಾವು ಮೂರು ದಿನ ಹುಡುಕಿದೆವು! ಒದ್ದೆ ಬಟ್ಟೆ ನೆರಳಲ್ಲಿ ಆರಬೇಕು, ಆಮೇಲೆ ಕಾಗದದ ಚೀಲ. ಚೀಲ ಎಷ್ಟು ಕೈ ದಾಟಿತೋ ಅಷ್ಟೂ ಸಹಿ ಬೇಕು. ಒಂದು ಸಹಿ ಸುಳ್ಳೆಂದು ಗೊತ್ತಾದರೆ ಉಳಿದವನ್ನೂ ಸುಳ್ಳೆನ್ನಲು ವಕೀಲರು ಕಾಯುತ್ತಿರುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಆದ್ದರಿಂದ ಈ ಪತ್ರ ಕೈಸೇರಿದ ದಿನವೇ ಬರೆದುಕೊಡು: ಪ್ಲಾಸ್ಟಿಕ್‌ಗೆ ಹಾಕಿದ್ದು ನಾನು, ಇಂಥ ದಿನ ನೋಡಿದೆ, ಇಂಥ ದಿನ ಬದಲಿಸಿದೆ. ಬೈಗುಳ ಬೀಳುತ್ತೆ, ಬೀಳಲಿ. ಬೂಷ್ಟು ಹಿಡಿಯದ ಜಾಗದಿಂದ ಲ್ಯಾಬಿನವರು ಏನಾದರೂ ತೆಗೆದಾರು. ಟೈಲರ್ ಹೆಂಡತಿ ದಿನಾ ಸ್ಟೇಷನ್ನಿನ ಬೆಂಚಿನ ಮೇಲೆ ಬಂದು ಕೂರುತ್ತಾಳೆ ಅಂದೆಯಲ್ಲ, ಅವಳ ಮುಖ ನೋಡಿ ಬರೆ. ನೀನು ಬರೆದೇ ಬರೆಯುತ್ತೀಯ, ನನಗೆ ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ಸಹಿ ಹಾಕುವಾಗ ನಿನ್ನ ಕೈ ಎಂದೂ ನಡುಗದಿರಲಿ.

ನಿನ್ನ
ಅಮ್ಮ

ವಿ.ಸೂ.: ಅಪ್ಪನಿಗೆ ಗುದ್ದಿ ಓಡಿಹೋದ ಕಾರು ಯಾಕೆ ಸಿಗಲಿಲ್ಲ ಎಂದು ನೀನು ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದೆ. ಯಾವ ಗುರುತೂ ಇರಲಿಲ್ಲ ಅಂತ ನಾನು ಅನ್ನುತ್ತಿದ್ದೆ. ಇತ್ತು. ಆಸ್ಪತ್ರೆಯವರು ಕೊಟ್ಟ ಅಪ್ಪನ ಕೋಟಿನ ಭುಜದ ಮೇಲೆ ಕಾರಿನ ನೀಲಿ ಪೇಂಟಿನ ಚಕ್ಕೆಗಳು ಅಂಟಿದ್ದವು, ಕಣ್ಣಾರೆ ಕಂಡೆ. ನಿಮ್ಮಜ್ಜಿ ಬರಲು ಒಂದು ಗಂಟೆಯಷ್ಟೇ ಉಳಿದಿತ್ತು. ಮಗನ ರಕ್ತ ಅವರ ಕಣ್ಣಿಗೆ ಬೀಳಬಾರದೆಂದು ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಟ್ಟೆ. ನನ್ನ ಆಫೀಸಿನವರೇ ವಿಚಾರಿಸಲು ಬಂದಾಗ, ಆಸ್ಪತ್ರೆಯಲ್ಲೇ ತೊಳೆದಿದ್ದರು ಎಂದು ಬರೆದು ಸಹಿ ಹಾಕಿದೆ. ಅಜ್ಜಿ ಆ ಕೋಟನ್ನು ಕೇಳಲೇ ಇಲ್ಲ. ಆ ಕಾರು ಸಿಗದ ಹಾಗೆ ಮಾಡಿದವಳು ನಾನು, ಮಗಳೇ.