ಇಪ್ಪತ್ತನೆಯ ಹೆಸರು

ಬೈಲಹೊಂಗಲ
೨೨ ಮೇ ೨೦೨೬

ನನ್ನ ಕೂಸು ಐಶ್ವರ್ಯಾಗೆ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಮೊದಲು ನಿನ್ನ ಬೈಗುಳ ತಿಂದು ಆಮೇಲೆ ಮುಂದಿನ ಮಾತು. ಯುಗಾದಿಗೆ ನೀನು ಕಳಿಸಿದ ಸೀರೆ ನಿಮ್ಮವ್ವನಿಗೆ ಮುಟ್ಟಿತು, ನನ್ನ ಧೋತರವೂ ಮುಟ್ಟಿತು. ಮುಟ್ಟಿತೆಂದು ತಿಳಿಸಲು ಎರಡು ತಿಂಗಳು ಹಿಡಿಯಿತು, ಅಷ್ಟೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನಾನು ಓದಿನ ಮಾತು ತೆಗೆದರೆ ಸಾಕು, "ಒಲಿ ಮ್ಯಾಲ ಹಾಲ ಇಟ್ಟೇನಿ ಅಪ್ಪಾ" ಎಂದು ಇಟ್ಟುಬಿಡುತ್ತೀ. ಮೂರು ವರ್ಷದಿಂದ ರಾಮದುರ್ಗದ ನಿಮ್ಮ ಮನೆಯ ಹಾಲು ಒಲೆಯ ಮೇಲೆಯೇ ಇದೆ. ಪತ್ರವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಬರೆಯಲು ಕುಳಿತೆ.

ಇದರ ಜೊತೆ ಒಂದು ಫಾರ್ಮ್ ಇದೆ, ನೋಡು. ಡಿಗ್ರಿ ಅರ್ಧಕ್ಕೆ ಬಿಟ್ಟವರಿಗಾಗಿ ನಮ್ಮ ಕಾಲೇಜು ಜೂನ್ ಎಂಟರಿಂದ ಒಂದು ತಿಂಗಳ ತಯಾರಿ ಕೋರ್ಸು ನಡೆಸುತ್ತಿದೆ. ಅದನ್ನು ಮುಗಿಸಿದವರು ಬಿಟ್ಟ ವರ್ಷಕ್ಕೆ ಮತ್ತೆ ಸೇರಿಕೊಳ್ಳಬಹುದು. ಗಣಿತ ನಾನೇ ತೆಗೆದುಕೊಳ್ಳುತ್ತೇನೆ. ಫಾರ್ಮ್ ಜೂನ್ ಮೂರರೊಳಗೆ ಇಲ್ಲಿರಬೇಕು, ಎಂಟಕ್ಕೆ ನೀನು ಇಲ್ಲಿರಬೇಕು. ನಾನು ಕೇಳುತ್ತಿರುವುದು ಇದೊಂದೇ.

ನಿವೃತ್ತನಾಗಿ ಎರಡು ವರ್ಷವಾದ ಮುದುಕನಿಗೆ ಇದೆಲ್ಲ ಎಲ್ಲಿಂದ ಗಂಟುಬಿತ್ತು ಎಂದು ಕೇಳುತ್ತೀ. ಸಿದ್ದರಾಮ ನೆನಪಿದ್ದಾನಲ್ಲ, ನನ್ನ ಕೈಯಲ್ಲಿ ಕಲಿತವನು? ಈಗ ಅವನೇ ಪ್ರಾಚಾರ್ಯ. ಏಪ್ರಿಲ್‌ನಲ್ಲಿ ಮನೆಗೆ ಬಂದು, "ಸರ, ಸೂಟಿಯೊಳಗ ಕಾಲೇಜ ಖಾಲಿ ಬಿದ್ದಿರತೈತಿ. ಊರ ಮಂದಿಗೆ ಬ್ಯಾಸಗಿ ಕೋರ್ಸ್ ಇಡೂಣ್ರಿ" ಎಂದ. ಕಂಪ್ಯೂಟರ್, ಇಂಗ್ಲಿಷ್ ಮಾತುಗಾರಿಕೆ, ಹೊಲಿಗೆ, ಜೊತೆಗೆ ನನ್ನದು 'ನಿತ್ಯದ ಗಣಿತ'. ಕಂಪ್ಯೂಟರು ಎರಡೇ ದಿನಕ್ಕೆ ತುಂಬಿತು. ಇಂಗ್ಲಿಷಿಗೆ ಬೆಂಚು ಸಾಲದೆ ಪಕ್ಕದ ಕೋಣೆಯಿಂದ ಹೊತ್ತು ತಂದರು. ನನ್ನ ಗಣಿತಕ್ಕೆ ವಾರದ ಕೊನೆಗೆ ನಾಲ್ಕು ಜನ, ಅವರೂ ಕಂಪ್ಯೂಟರಿನಲ್ಲಿ ಜಾಗ ಸಿಗದೆ ಬಂದವರು. ಸಿದ್ದರಾಮ ತಲೆ ಕೆರೆದುಕೊಂಡು, "ಇಪ್ಪತ್ತ ಆಗಲಿಲ್ಲಂದ್ರ ನಡಸಾಕ ಬರಂಗಿಲ್ರಿ ಸರ. ಬಿಟ್ಟಬಿಡೂಣು" ಎಂದ. ಬಿಡುವ ಜಾತಿಯವನೇ ನಾನು? ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದೆ.

ನಮ್ಮ ಎದುರುಮನೆಯ ಸುಂದರವ್ವ ಬಾಗಿಲಲ್ಲೇ ನಿಲ್ಲಿಸಿ ಪಾಠ ಹೇಳಿದಳು. "ಬರಾಕ ಮನಸೈತ್ರಿ ಸರ. ಆದ್ರ ಮೇ ತಿಂಗಳ ಸಂಡಗಿ ಶಾವಗಿ ಯಾರ ಮಾಡೋರು? ನಸಕಿನ್ಯಾಗ ಮಾಡಿ ಬಿಸಲಿಗಿ ಹಾಕಿದ ಮ್ಯಾಲ ಮಧ್ಯಾನತನಕ ಕಾಗಿ ಕಾಯಾಕ ಒಬ್ಬಾಕಿ ಕುಂದರಬೇಕಲ್ರಿ." ಮೂವತ್ತೊಂದು ವರ್ಷ ಕಾಲೇಜಿನಲ್ಲಿ ವೇಳಾಪಟ್ಟಿ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ನಮ್ಮ ಕಾಲೇಜಿನ ಮಾಳಿಗೆಯಷ್ಟು ಬಿಸಿಲು ಊರಲ್ಲಿ ಬೇರೆಲ್ಲಿದೆ ಹೇಳು! "ಸಂಡಗಿ ತಗೊಂಡs ಬರ್ರಿ" ಎಂದೆ. ಮಾಳಿಗೆಗೆ ಬಾಗಿಲು ತೆರೆಯುವ ಮೇಲಿನ ಕೋಣೆ, ಹತ್ತರಿಂದ ಹನ್ನೆರಡು. ಒಂದು ಕಣ್ಣು ಹಲಗೆಯ ಮೇಲೆ, ಒಂದು ಕಣ್ಣು ಕಾಗೆಯ ಮೇಲೆ. ಮರುದಿನವೇ ಹದಿನೈದು ಹೆಸರು ಬಂದವು.

ಸಿದ್ದರಾಮ ಮೇಲೆ ಬಂದು ಸಾಲುಸಾಲು ಸೀರೆ ಹಾಸಿದ್ದನ್ನು ನೋಡಿ, "ಸರ, ಇದ ಕಾಲೇಜೋ ಸಂಡಗಿ ಅಂಗಡಿನೋ?" ಎಂದು ಬೆಚ್ಚಿದ. ಕ್ಷೇತ್ರಫಲದ ಪಾಠ ನಡೆದಿದೆ, ಒಂದು ಸೀರೆಗೆ ಎಷ್ಟು ಸಂಡಿಗೆ ಕೂಡುತ್ತವೆ ಲೆಕ್ಕ ಹಾಕು ಎಂದೆ. ಹಾಕಲು ಅವನಿಗೆ ಬರಲಿಲ್ಲ. ಸುಂದರವ್ವ ಹಾಕಿದಳು.

ಇಷ್ಟಾದರೂ ಹತ್ತೊಂಬತ್ತು. ಇನ್ನೊಂದು ಬೇಕಿತ್ತು. ಕಡೆಯ ದಿನ ನಾನು ಯಾರನ್ನೂ ಕೇಳದೆ ಇಪ್ಪತ್ತನೆಯ ಸಾಲಿನಲ್ಲಿ ನಿಮ್ಮವ್ವನ ಹೆಸರು ಗೀಚಿಬಿಟ್ಟೆ. ಹೆಸರಿಗಷ್ಟೇ ಇರಲಿ ಎಂದು. ಆದರೆ ಈಗ ಕಾಲ ಬದಲಾಗಿದೆ ಕೂಸೆ, ದಿನಾ ತರಗತಿಯ ಫೋಟೋ ತೆಗೆದು ಹಾಕಬೇಕಂತೆ, ಇಪ್ಪತ್ತು ತಲೆ ಎಣಿಕೆಗೆ ಸಿಗಬೇಕಂತೆ. ಮನೆಗೆ ಬಂದು ಹಲ್ಲು ಗಿಂಜಿದೆ. "ಫೋಟೋಕ್ಕ ಬರತೇನಿ. ಪಾಠಾ ಗೀಟಾ ಕೇಳಂಗಿಲ್ಲ" ಎಂದು ಒಂದು ಮೊರ ಕಡಲೆ ಹಿಡಿದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಆರಿಸುತ್ತ ಕುಳಿತಳು.

ಹಾಜರಿ ಕೂಗುವಾಗ ಫಜೀತಿಯಾಯಿತು. ಮದುವೆಯಾಗಿ ಮೂವತ್ತು ವರ್ಷವಾಯಿತು, ಅವಳನ್ನು ಹೆಸರು ಹಿಡಿದು ಕರೆದವನಲ್ಲ ನಾನು. "ಏ ಇವಳs" ಎಂದರೆ ಬರುತ್ತಿದ್ದಳು, ನೀನು ಹುಟ್ಟಿದ ಮೇಲೆ "ಐಶ್ವರ್ಯಾನ ಅವ್ವ" ಎಂದರೆ ಬರುತ್ತಿದ್ದಳು. ಆ ದಿನ ಗಂಟಲು ಸರಿಮಾಡಿಕೊಂಡು "ಸಿದ್ದಲಿಂಗವ್ವ" ಎಂದೆ. ಕೋಣೆಯೆಲ್ಲ ನಕ್ಕಿತು. ಅವಳು ಕಡಲೆಯಿಂದ ತಲೆ ಎತ್ತದೆ, "ಇಲ್ಲೇ ಅದೇನ್ರಿ ಸರ" ಎಂದಳು. ನನ್ನ ಕಿವಿ ಬಿಸಿಯಾಯಿತು, ಯಾಕೋ ಖುಷಿಯೂ ಆಯಿತು.

ನಾಲ್ಕನೆಯ ದಿನ ಶೇಕಡಾ ಲೆಕ್ಕ. ಹತ್ತು ಕಿಲೋ ಹಸಿ ಸಂಡಿಗೆ ಒಣಗಿ ಒಂಬತ್ತು ಕಿಲೋ ಆದರೆ, ನೂರಕ್ಕೆ ಎಷ್ಟು ಇಳಿಯಿತು ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನಿಂದ ಧ್ವನಿ ಬಂತು. "ಅಷ್ಟ ಉಳಿಯಂಗಿಲ್ರಿ ಸರ. ಎರಡೂವರಿ ಮೂರು ಕಿಲೋ ಉಳದ್ರ ಪುಣ್ಯಾ." ಎಲ್ಲರೂ ಅವಳ ಪಕ್ಷವಾದರು. ನಾನು ಹಲಗೆ ಒರೆಸಿ ಅವಳು ಹೇಳಿದಂತೆ ಬರೆದೆ. ಆ ದಿನದಿಂದ ಮೊರ ಮನೆಯಲ್ಲೇ ಉಳಿಯಿತು. ಅವಳ ಕೈಗೆ ನೋಟ್‌ಬುಕ್ ಬಂತು, ನನ್ನ ಹಳೆಯ ಪೆನ್ನು ಮಾಯವಾಯಿತು. ಮೊನ್ನೆಯ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೆಂಟು ತೆಗೆದಿದ್ದಾಳೆ. ಎರಡು ಅಂಕ ನಾನೇ ಕೊಯ್ದದ್ದು, ಪೂರಾ ಕೊಟ್ಟರೆ ಮನೆಯಲ್ಲಿ ಬಾಳುವೆ ಮಾಡಗೊಡಲಿಕ್ಕಿಲ್ಲ ಎಂದು.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಿಮ್ಮವ್ವನಿಗೆ ಬಂದದ್ದು ನಿನಗೆ ಬರಲಾರದೆ? ನೀನು ನನಗಿಂತ ಚುರುಕು, ಇದನ್ನು ನಿನ್ನೆದುರು ಹೇಳಿರಲಿಲ್ಲ. ಮಾತೆತ್ತಿದರೆ ಒಂದೇ ಹಾಡು ನಿನ್ನದು: "ಕಾಲ ಮುರದ ಆಯಿ ಆರೈಕಿಗೆ ಸವದತ್ತಿಗೆ ಹ್ವಾದೆ, ಹಾಜರಾತಿ ಕಡಿಮಿ ಬಿತ್ತು, ಪರೀಕ್ಷಾ ಕಳಕೊಂಡೆ. ನನ್ನ ಹಣಿಬಾರದಾಗ ಇಲ್ಲ ಬಿಡು ಅಪ್ಪಾ." ಹಣೆಬರಹದ ಮಾತು ಇನ್ನು ಸಾಕು. ಅಳಿಯಂದಿರೊಡನೆ ಮಾತಾಡಿದ್ದೇನೆ. "ನಾ ಕಳಸ್ತೇನ್ರಿ ಮಾವಾರ. ಆಕಿನs ಒಲ್ಲೆ ಅಂತಾಳ" ಎಂದರು. ವಿಜಯ ಬಂಗಾರದಂಥ ಮನುಷ್ಯ. ನಿನ್ನ ಅತ್ತೆಯವರೂ ಒಂದು ತಿಂಗಳು ಮನೆ ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಹಾಗಾಗಿ ಈಗ ಬೇಡವೆನ್ನುವವಳು ನೀನೊಬ್ಬಳೇ.

ಬಾ ಕೂಸೆ. ನಿನ್ನ ಕೋಣೆಯ ಫ್ಯಾನು ರಿಪೇರಿ ಮಾಡಿಸಿದ್ದೇನೆ. ನಿಮ್ಮವ್ವ ನಿನಗೆಂದು ಒಂದು ಡಬ್ಬಿ ಸಂಡಿಗೆ ಬೇರೆ ತೆಗೆದಿಟ್ಟಿದ್ದಾಳೆ. ಮನೆಯವರಿಗೆಲ್ಲ ನಮ್ಮ ಶರಣು ತಿಳಿಸು. ನೀನು ನೂರು ಕಾಲ ಸುಖವಾಗಿರು.

ಇಂತಿ ನಿನ್ನ ಅಪ್ಪ,
ಮಡಿವಾಳೆಪ್ಪ

ತಾ. ಕ.

ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮವ್ವ ಪತ್ರ ಕಸಿದುಕೊಂಡು ಓದಿದಳು. "ಎಲ್ಲಾ ಬರದೀರಿ, ಬರೀಬೇಕಾದ್ದೊಂದು ಬಿಟ್ಟೀರಿ. ಅದ ಇಲ್ಲದ ಇದನ್ನ ಹಾಕಬ್ಯಾಡ್ರಿ" ಎಂದು ತಿರುಗಿ ನನ್ನ ಮುಂದಿಟ್ಟು ಹೋದಳು. ಬರೆಯುತ್ತೇನೆ.

ಶೇಕಡಾ ಕಲಿಸಿದ ಸಂಜೆ ಅವಳು ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದು ಕುಳಿತಳು. "ಪರೀಕ್ಷಾಕ್ಕ ಕುಂದರಾಕ ನೂರಕ್ಕ ಎಷ್ಟ ಹಾಜರಿ ಬೇಕ್ರಿ?" ಎಪ್ಪತ್ತೈದು ಎಂದೆ. "ನಮ್ಮ ಕೂಸು ಬಿಟ್ಟ ವರ್ಷ ಆ ಪರೀಕ್ಷಾಕ್ಕ ಎಷ್ಟ ದಿನಾ ಕಾಲೇಜ ನಡದಿತ್ರಿ?" ತೊಂಬತ್ತು ಎಂದೆ, ಮೇಷ್ಟ್ರ ಗತ್ತಿನಲ್ಲೇ. ಅವಳು ಬರೆದುಕೊಂಡಳು. "ಬನದ ಹುಣ್ಣಿವಿ ಮರುದಿನಾ ಸವದತ್ತಿಗೆ ಹೋದಾಕಿ, ಅವರಾತ್ರಿ ಅಮಾಸಿಗೆ ತಿರುಗಿ ಬಂದ್ಲು. ಹದಿನೈದು ದಿನಾ. ಎರಡ ಐತವಾರ ತಗದ್ರ ಹದಿಮೂರು. ಅಂದ್ರ ತೊಂಬತ್ತರಾಗ ಎಪ್ಪತ್ತೇಳು ದಿನಾ ಹೋಗ್ಯಾಳ. ನೂರಕ್ಕ ಎಂಬತ್ತೈದೂವರಿ ಆತು." ಆಮೇಲೆ ನನ್ನ ಮುಖ ನೋಡಿದಳು. "ಮತ್ತ ಕಡಿಮಿ ಹೆಂಗ ಬಿತ್ರಿ?"

ಬಿದ್ದಿರಲಿಲ್ಲ, ಐಶ್ವರ್ಯಾ. ಬೀಗರು ಹೇಳಿದ ಮುಹೂರ್ತ ನಿನ್ನ ಪರೀಕ್ಷೆಯ ವಾರದಲ್ಲೇ ಬಂದಿತ್ತು. ಒಳ್ಳೆಯ ಮನೆತನ ಕೈತಪ್ಪೀತೆಂದು ನನಗೆ ಹೆದರಿಕೆ. ಪರೀಕ್ಷೆ ಮುಗಿಯಲಿ ಎಂದು ನೀನು ಹಟ ಹಿಡಿಯುತ್ತೀ ಎಂದು ಗೊತ್ತಿತ್ತು. ಪರೀಕ್ಷಾ ವಿಭಾಗ ಆಗ ನನ್ನ ಕೈಯಲ್ಲೇ ಇತ್ತಲ್ಲ, ಪರೀಕ್ಷೆಗೆ ಕೂರುವವರ ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟು ಕಳಿಸಿದೆ. ಮನೆಗೆ ಬಂದು ಹಾಜರಾತಿ ಸಾಲಲಿಲ್ಲ ಎಂದೆ. ಅಪ್ಪ ಹೇಳಿದನೆಂದು ನೀನು ನಂಬಿದೆ. ಬೀಗರಿಗೆ ಇದು ಯಾವುದೂ ಗೊತ್ತಿಲ್ಲ. ಕೇಳಿದ್ದರೆ ಹದಿನೈದು ದಿನ ಮುಂದೆ ಹಾಕುತ್ತಿದ್ದರೇನೋ. ನಾನು ಕೇಳಲೇ ಇಲ್ಲ.

ಇನ್ನೊಂದು ಇದೆ, ಅದನ್ನು ನಿಮ್ಮವ್ವನಿಗೂ ಹೇಳಿಲ್ಲ. ಹೋದ ಶ್ರಾವಣದಲ್ಲಿ ನಿನ್ನ ಆಯಿ, ನನ್ನ ಹಡೆದವ್ವ, ಕೊನೆಯ ಹಾಸಿಗೆ ಹಿಡಿದಾಗ ನಾನೊಬ್ಬನೇ ಪಕ್ಕದಲ್ಲಿದ್ದೆ. ನನ್ನ ಕೈ ಹಿಡಿದು, "ಮಡಿವಾಳಾ, ನನ್ನ ಕಾಲ ಮುರದು ಆ ಕೂಸಿನ ಸಾಲಿ ಹಾಳಾತು. ಆಯಿಗೆ ಕ್ಷಮಾ ಮಾಡು ಅಂತ ಹೇಳೋ ಆಕಿಗೆ" ಎಂದಳು. "ಹೇಳ್ತೇನಿ, ಮಲ್ಕೋ ಬೇ" ಎಂದೆ. ಅದಾದ ಮೇಲೆ ಅವಳು ಎರಡು ದಿನ ಜೀವದಿಂದಿದ್ದಳು, ಎಚ್ಚರವಿತ್ತು, ಕಿವಿ ಕೇಳುತ್ತಿತ್ತು. ಆ ಎರಡು ದಿನವೂ ನಾನು ಬಾಯಿ ಬಿಡಲಿಲ್ಲ.

ಅವಳು ಹೇಳು ಎಂದ ಮಾತನ್ನು ಈಗ ನಿನಗೆ ಹೇಳಿದ್ದೇನೆ. ಅದು ನಾನು ಆಡಬೇಕಾಗಿದ್ದ ಮಾತು, ನನ್ನವ್ವ ಆಡಿ ಹೋದಳು.