ನನ್ನ ಹೆಸರಿನ ಮುಂದೆ ಬಣ್ಣವಿಲ್ಲ

ನವೆಂಬರ್ ೨೩, ಭಾನುವಾರ
ಹಾಸ್ಟೆಲ್, ಎರಡನೇ ಮಹಡಿ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ, ನೀನೂ ಅಜ್ಜಿಯೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೋಡು, ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಈ ಸಾಲು ಬರೆದುಬಿಡುತ್ತದೆ. ಶಾಲೆಯ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಟೀಚರ್ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಮೂವತ್ತು ಜನ ಇಳಿಸಿಕೊಳ್ಳುತ್ತಿದ್ದೆವು. ಜ್ವರ ಬಂದು ಮಲಗಿದವಳೂ ಚೆನ್ನಾಗಿದ್ದೇನೆ ಅಂತಲೇ ಬರೆಯುತ್ತಿದ್ದಳು.

ಉತ್ತರ ತಡವಾಯಿತು, ಸಾರಿ. ನಿನ್ನ ಮದುವೆಗೆ ಬಣ್ಣ ಆರಿಸು ಅಂತ ನೀನು ಕಳಿಸಿದ ಬಟ್ಟೆ ತುಂಡುಗಳ ರಟ್ಟು ಬಂದು ಹದಿನೈದು ದಿನವಾಯಿತು. ಫೋನಿನಲ್ಲಿ ನೀನು ಮೂರು ಸಲ ಕೇಳಿದೆ. ಮೂರು ಸಲವೂ ನಾನು "ನೋಡ್ತಾ ಇದೀನಮ್ಮ, ಇಂಟರ್ನಲ್ಸ್ ಇದೆ" ಅಂದೆ. ಇಂಟರ್ನಲ್ಸ್ ಮುಗಿದು ವಾರ ಕಳೆಯಿತು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ ಅಂತ ನಿನಗೆ ಗೊತ್ತಲ್ಲ. ಊಟ ಆಯ್ತು, ಓದಾಯ್ತು, ಇಡ್ತೀನಿ. ಅದಕ್ಕೇ ಈ ಕಾಗದ.

ಇಂಟರ್ನಲ್ಸ್ ಹೇಗಾಯಿತು ಅಂತ ಕೇಳಬೇಡ. ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ದ್ರಾವಣ ತಿಳಿ ಗುಲಾಬಿಗೆ ತಿರುಗಿದ ತಕ್ಷಣ ನಿಲ್ಲಿಸಬೇಕು. ಒಂದೇ ಒಂದು ಹನಿ ಹೆಚ್ಚಾದರೂ ಕೆಟ್ಟಿತು. ನನ್ನದು ಮೂರು ಸಲವೂ ಗಾಢ ಗುಲಾಬಿ. ಲ್ಯಾಬ್ ಸರ್ ಫ್ಲಾಸ್ಕ್ ಎತ್ತಿ ಹಿಡಿದು, "ಏನಮ್ಮಾ, ಟೈಟ್ರೇಷನ್ ಮಾಡು ಅಂದ್ರೆ ಇಂಕು ತಯಾರು ಮಾಡಿದೀಯಲ್ಲ, ಪೆನ್ನಿಗೆ ತುಂಬ್ಕೊಳ್ಳಲಾ?" ಅಂದರು. ಎಲ್ಲರೂ ನಕ್ಕರು. ಇಂಥವಳ ಕೈಯಲ್ಲಿ ಒಂದು ಮದುವೆಯ ಬಣ್ಣ ಕೊಟ್ಟಿದ್ದೀಯ.

ಈಗ ರಟ್ಟಿನ ವಿಷಯ. ಟೈಲರ್ ಆಂಟಿ ಬಟ್ಟೆಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಗುಂಡುಪಿನ್ನು ಚುಚ್ಚಿ, ಮೂರು ಜೋಡಿ ಮಾಡಿದ್ದಾರೆ. ಒಂದನೆಯದು ಬೂದಿ ನೀಲಿ ಮತ್ತು ಕೆನೆ. ಎರಡನೆಯದು ಬಾಟಲ್ ಹಸಿರು ಮತ್ತು ಜೇನು ಬಣ್ಣ. ಮೂರನೆಯದು ಇಟ್ಟಿಗೆ ಕೆಂಪು ಮತ್ತು ತಿಳಿ ಕಂದು, ಅದರಲ್ಲಿ ಕೆಂಪನ್ನು ನೀನೇ ಹೊಡೆದುಹಾಕಿ, "ಕೆಂಪು ಬೇಡ ಕಣೇ, ಬೆಳಗಿಂದ ಸಂಜೆ ತನಕ ಜನರ ರಕ್ತ ತೆಗೆದು ತೆಗೆದು ಸಾಕಾಗಿದೆ" ಅಂತ ಬರೆದಿದ್ದೀಯ. ಅದನ್ನು ಓದಿ ನಗು ಬಂತು.

ಮದುವೆ ಸಂಜೆ ನಾಲ್ಕಕ್ಕೆ, ಚಳಿಗಾಲದ ನಾಲ್ಕು ಗಂಟೆ. ಹಾಗಾಗಿ ದಿನಾ ನಾಲ್ಕಕ್ಕೇ ಕಿಟಕಿಯ ಹತ್ತಿರ ರಟ್ಟು ಹಿಡಿದುಕೊಂಡು ನಿಲ್ಲುತ್ತಿದ್ದೆ. ಬೂದಿ ನೀಲಿ ಬೆಳಿಗ್ಗೆ ಎಷ್ಟು ಡೀಸೆಂಟಾಗಿ ಕಾಣುತ್ತದೆ ಗೊತ್ತಾ? ನಾಲ್ಕರ ಹೊತ್ತಿಗೆ ಬಿಸಿಲು ಇಳಿದು ಮಂಜು ಕವಿಯತೊಡಗಿದರೆ ಪಾತ್ರೆ ತೊಳೆದ ನೀರು. ನನ್ನ ರೂಮಿನಲ್ಲಿ ಇಬ್ಬರಿದ್ದಾರಲ್ಲ, ಒಬ್ಬಳು ಮೈಕು, ಅವಳು ಪಿಸುಗುಟ್ಟಿದರೂ ಕೆಳಗಿನ ಮಹಡಿಗೆ ಕೇಳುತ್ತದೆ. ಇನ್ನೊಬ್ಬಳು ಕಂಬಳಿ, ಅವಳು ಅಕ್ಟೋಬರಿನಿಂದ ಕಂಬಳಿಯೊಳಗಿಂದಲೇ ಮಾತಾಡುವುದು. ಮೈಕು ನೀಲಿಗೇ ವೋಟು ಹಾಕಿದಳು. ಕಂಬಳಿ ಒಂದು ಕಣ್ಣು ಮಾತ್ರ ಹೊರಗೆ ಹಾಕಿ, "ಬಟ್ಟೆ ದಪ್ಪ ಇದ್ಯಾ? ದಪ್ಪ ಇದ್ರೆ ಯಾವ್ದಾದ್ರೂ ಸರಿ" ಅಂದಳು.

ಆದರೆ ತಡವಾದದ್ದಕ್ಕೆ ಬಣ್ಣ ಕಾರಣವಲ್ಲ. ರಟ್ಟಿನ ಹಿಂದೆ ಯಾರು ಯಾವುದು ಹಾಕಿಕೊಳ್ಳಬೇಕು ಅಂತ ನೀನು ಪಟ್ಟಿ ಮಾಡಿದ್ದೀಯ. ನೀನು ಒಂದು ಬಣ್ಣ. ನಿನ್ನ ಕಡೆಯವರು ಒಂದು. ನೀನು ಮದುವೆಯಾಗುವವರ ಅಕ್ಕ ಭಾವ ಎಲ್ಲ ಸೇರಿ ಇನ್ನೊಂದು. ಎಲ್ಲರ ಹೆಸರಿನ ಮುಂದೂ ಗುರುತಿದೆ, ನಿನ್ನ ಲ್ಯಾಬಿನ ಆಯಾಗೂ ಇದೆ. ಕೊನೆಯಲ್ಲಿ ನನ್ನ ಹೆಸರು, ಅದರ ಮುಂದೆ ಏನೂ ಇಲ್ಲ. ಕೆಳಗೆ ಸಣ್ಣದಾಗಿ, "ನಿಂದು ನೀನೇ ಬರ್ಕೋ. ಯಾವ ಕಡೆ ನಿಂತ್ಕೊಂಡ್ರೂ ನಂಗೆ ಸರಿ."

ಆ ಶನಿವಾರದ ಬಗ್ಗೆ ನಾವಿಬ್ಬರೂ ಇಲ್ಲಿತನಕ ಮಾತಾಡಿಲ್ಲ. ನಾನೇ ಶುರು ಮಾಡುತ್ತೇನೆ. ಹೇಗಾಯಿತು ಅಂತ ನಿನಗೆ ಪೂರ್ತಿ ಗೊತ್ತಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಪುಸ್ತಕದಿಂದ ನಿನ್ನ ಫೋಟೋ ಬಿತ್ತು, ನೀನೂ ಕನ್ನಡಕದ ಅಂಗಡಿಯವರೂ ಬೆಂಚಿನ ಮೇಲೆ ಕೂತಿರೋದು. (ಅವರನ್ನು ಏನಂತ ಕರೆಯಬೇಕು ಅಂತ ನನಗಿನ್ನೂ ಗೊತ್ತಾಗಿಲ್ಲ. ಸದ್ಯಕ್ಕೆ ಕನ್ನಡಕದವರು ಅಂತಲೇ ಇರಲಿ.) ಮೈಕು ಎತ್ತಿಕೊಂಡು, "ಯಾರೇ ಇದು? ನಿನ್ನ ಚಿಕ್ಕಮ್ಮಾನಾ? ಎಷ್ಟು ಯಂಗ್ ಇದಾರೆ, ಮದುವೆನಾ?" ಅಂದಳು. ನಾನು "ಹ್ಞೂಂ" ಅಂದೆ.

ಅಷ್ಟೇ ಅಮ್ಮ. ಒಂದು ಹ್ಞೂಂ. ಮದುವೆಗೆ ಹ್ಞೂಂ ಅಂದೆನೋ ಚಿಕ್ಕಮ್ಮನಿಗೆ ಹ್ಞೂಂ ಅಂದೆನೋ ಅಂತ ನನ್ನನ್ನೇ ಎಷ್ಟು ಸಲ ಸಮಾಧಾನ ಮಾಡಿಕೊಂಡೆ. ಸುಳ್ಳು. ಎರಡಕ್ಕೂ ಅಂದೆ.

ನೀನು ಮದುವೆಯಾಗುವುದು ನನಗೆ ಇಷ್ಟವಿಲ್ಲ ಅಂತ ತಿಳಿಯಬೇಡ. ಹಾಸ್ಟೆಲಿಗೆ ಬಂದ ಮೊದಲ ವಾರ ಎಲ್ಲರೂ ಅಪ್ಪ ಏನ್ಮಾಡ್ತಾರೆ, ಅಮ್ಮ ಏನ್ಮಾಡ್ತಾರೆ ಅಂತ ಕೇಳುತ್ತಾರೆ. ಅಪ್ಪ ತೀರಿಕೊಂಡಿದ್ದಾರೆ ಅಂದರೆ ಒಂದು ಸಲ ಮುಖ ಸಣ್ಣ ಮಾಡುತ್ತಾರೆ. ಅಮ್ಮನಿಗೆ ಈಗ ಮದುವೆ ಅಂದರೆ ಇನ್ನೊಂದು ಸಲ ಕಣ್ಣು ದೊಡ್ಡದು ಮಾಡುತ್ತಾರೆ. ಎರಡನ್ನೂ ನೋಡುವ ಧೈರ್ಯ ನನಗಿರಲಿಲ್ಲ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಒಂದು ಬುದ್ಧಿ ಇರುತ್ತದೆ, ಯಾರ ಕಣ್ಣಿಗೂ ಬೀಳದ ಹಾಗೆ ಸಾಲಿನ ಮಧ್ಯ ನಿಲ್ಲುವುದು. ಅದನ್ನೇ ಮಾಡಿದೆ.

ಆಮೇಲೆ ಆ ಶನಿವಾರ ನೀವಿಬ್ಬರೂ ಹೇಳದೆ ಕೇಳದೆ ಬಂದುಬಿಟ್ಟಿರಿ. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಮೈಕು ಬಾಗಿಲಲ್ಲಿ ನಿಂತು, "ಬನ್ನಿ ಚಿಕ್ಕಮ್ಮ, ನಿಮ್ಮ ಮದುವೆ ವಿಷ್ಯ ಎಲ್ಲಾ ಗೊತ್ತು ನಮಗೆ" ಅಂತ ಶುರುಮಾಡಿದ್ದಳು. ನೀನು ರಿಜಿಸ್ಟರಿನ ಮುಂದೆ ಪೆನ್ನು ಹಿಡಿದು ನಿಂತಿದ್ದೆ. ಹೆಸರು, ಸಮಯ, ಸಂಬಂಧ. ಮೂರನೇ ಕಾಲಮ್ಮಿನಲ್ಲಿ ನಿನ್ನ ದುಂಡು ಅಕ್ಷರದಲ್ಲಿ "ಚಿಕ್ಕಮ್ಮ" ಅಂತ ಬರೆದೆ. ತಲೆಯೆತ್ತಿ ನನ್ನನ್ನು ನೋಡಿ ನಕ್ಕು, "ಹೇಗಿದೀಯಮ್ಮಾ?" ಅಂದೆ. ಯಾವತ್ತೂ "ಏನೇ ಕಡ್ಡಿ" ಅನ್ನುವವಳು.

ಕನ್ನಡಕದವರ ಮುಖ ಒಂದು ಸಲ ನಿನ್ನ ಕಡೆ, ಒಂದು ಸಲ ನನ್ನ ಕಡೆ ತಿರುಗಿತು. ಮೈಕುವಿನ ಕನ್ನಡಕದ ಕಾಲು ಅಲ್ಲಾಡುತ್ತಿದೆ ಅಂತ ಜೇಬಿನಿಂದ ಕಡ್ಡಿಯಷ್ಟು ಸಣ್ಣ ಸ್ಕ್ರೂಡ್ರೈವರ್ ತೆಗೆದು ರಿಪೇರಿ ಮಾಡುತ್ತಾ ಕೂತರು. ಎರಡು ಗಂಟೆ ಹೊತ್ತು ಅವರು ತಲೆಯೆತ್ತದೆ ಐದು ಜನರ ಕನ್ನಡಕ ಸರಿಮಾಡಿದರು. ಮೈಕು ಇವತ್ತಿಗೂ "ನಿನ್ನ ಚಿಕ್ಕಪ್ಪ ಆಗೋರು ಸೂಪರ್ ಕಣೇ" ಅನ್ನುತ್ತಾಳೆ.

ಮೊನ್ನೆ ಗುರುವಾರ ಮೈಕು ನನ್ನನ್ನು ಪೇಟೆಯ ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವರು ರಟ್ಟು ನೋಡಿ, "ತುಂಡು ನೋಡಿ ಬಣ್ಣ ಆರಿಸೋದು ಅಂದ್ರೆ ಉಗುರು ನೋಡಿ ಮನುಷ್ಯನ್ನ ಗುರುತು ಹಿಡಿದ ಹಾಗೆ" ಅಂತ ಬಾಟಲ್ ಹಸಿರಿನ ಇಡೀ ಥಾನು ಕೆಳಗಿಳಿಸಿ, ನಾಲ್ಕು ಸುತ್ತು ಬಿಚ್ಚಿ, ನನ್ನ ಭುಜದ ಮೇಲೆ ಹಾಕಿ ಬಾಗಿಲಿನ ಬೆಳಕಿಗೆ ನಿಲ್ಲಿಸಿದರು. ಕನ್ನಡಿಯಲ್ಲಿ ನೋಡಿದರೆ, ಅಮ್ಮ, ಥೇಟ್ ನೀನು. ಮೂಗು, ಹಣೆ, ನಿಂತ ಭಂಗಿ ಕೂಡ. ಅಂಗಡಿಯವರು, "ಯಾರ ಮದುವೆಮ್ಮಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಮೈಕು, "ಇವಳ ಚಿಕ್ಕಮ್ಮಂದು" ಅಂದಳು. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿ ನೋಡಿದರು. ನಾನು ಬಟ್ಟೆ ಮಡಿಸಿ ಕೊಟ್ಟೆ.

ವಾಪಸ್ ಬಂದವಳು ರೂಮಿಗೆ ಹೋಗದೆ ಸೀದಾ ವಾರ್ಡನ್ ಆಫೀಸಿಗೆ ಹೋದೆ. "ಮೇಡಂ, ವಿಸಿಟರ್ಸ್ ರಿಜಿಸ್ಟರಿನಲ್ಲಿ ಒಂದು ತಪ್ಪಾಗಿದೆ, ಸರಿ ಮಾಡಬಹುದಾ?" ಅಂದೆ.

"ಏನು ತಪ್ಪು?"

"ಸಂಬಂಧದ ಕಾಲಮ್ಮಲ್ಲಿ, ಮೇಡಂ."

ಮೇಡಂ ಪುಟ ತಿರುಗಿಸಿ ನೋಡಿದರು. "ಬರೆದೋರು ಅವರೇ ಅಲ್ವಾ? ತಾನು ಯಾರು ಅಂತ ಅವರಿಗೆ ಗೊತ್ತಿರಲ್ವಾ?"

"ಗೊತ್ತಿತ್ತು ಮೇಡಂ. ನನಗೋಸ್ಕರ ತಪ್ಪು ಬರೆದರು."

ಅವರು ಕನ್ನಡಕದ ಮೇಲಿಂದ ಒಂದು ಸಲ ನೋಡಿ, ರಿಜಿಸ್ಟರಿನಲ್ಲಿ ತಿದ್ದುವ ಹಾಗಿಲ್ಲ, ವೈಟ್ನರ್ ಹಾಕುವ ಹಾಗಿಲ್ಲ, ಬೇಕಾದರೆ ಅರ್ಜಿ ಬರೆದುಕೊಡು, ಫೈಲಿಗೆ ಹಾಕ್ತೀನಿ ಅಂದರು. ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆದೆ. "ಸದರಿ ದಿನಾಂಕದಂದು ನನ್ನನ್ನು ನೋಡಲು ಬಂದವರು ನನ್ನ ತಾಯಿ ಎಂದು ಈ ಮೂಲಕ ತಿಳಿಸುತ್ತೇನೆ." ಮೇಡಂ ಓದಿ, ಸೀಲು ಹೊಡೆದು, "ಇನ್ನೇನಾದ್ರೂ ಇದ್ಯಾ?" ಅಂದರು. ಇಲ್ಲ ಮೇಡಂ ಅಂದೆ. "ಕಣ್ಣೊರೆಸ್ಕೊಂಡು ಹೋಗು, ಕಾರಿಡಾರಲ್ಲಿ ಹುಡುಗೀರಿದಾರೆ" ಅಂದರು.

ರೂಮಿನಲ್ಲಿ ಹೇಳಿದೆ. ಮೈಕು, "ಮೂರು ತಿಂಗಳು ನನ್ನ ಕೈಲಿ ನಿಮ್ಮಮ್ಮಂಗೆ ಚಿಕ್ಕಮ್ಮ ಅನ್ನಿಸಿದೀಯಲ್ಲೇ. ಅವರ ಎದುರಿಗೇ ಅಂದಿದೀನಿ. ಈಗ ನಾನು ಮುಖ ಹೇಗೆ ತೋರಿಸ್ಲಿ?" ಅಂತ ಬೈದಳು. ಎರಡು ದಿನ ಮಾತು ಬಿಟ್ಟಿದ್ದಳು. ಕಂಬಳಿ ಪೂರ್ತಿ ಎದ್ದು ಕೂತು, "ನಿಮ್ಮಮ್ಮ ಆವತ್ತು ಬಸ್ಸಲ್ಲಿ ಏನಂದ್ಕೊಂಡು ಹೋಗಿರಬಹುದು?" ಅಂತ ಕೇಳಿದಳು.

ತಪ್ಪಾಯಿತು ಅಮ್ಮ.

ಬಣ್ಣ ಎರಡನೆಯದೇ ಫೈನಲ್. ನೀನು ಜೇನು ಬಣ್ಣ ಹಾಕಿಕೋ, ಸಂಜೆ ಬೆಳಕು ಇಳಿದಷ್ಟೂ ಅದು ಬೆಚ್ಚಗೆ ಕಾಣುತ್ತದೆ, ನಾನು ಏಳು ದಿನ ನೋಡಿದ್ದೇನೆ. ನಿನ್ನ ಕಡೆಯವರು ಬಾಟಲ್ ಹಸಿರು. ಅವರ ಕಡೆಯವರಿಗೆ ತಿಳಿ ಕಂದು ಸಾಕು, ಅವರ ಅಕ್ಕನಿಗೆ ಅದು ಒಪ್ಪುತ್ತದೆ. ಅಜ್ಜಿ "ಈ ವಯಸ್ಸಲ್ಲಿ ನಂಗ್ಯಾಕೆ ಹಸಿರು, ನನ್ನ ಹಳೇ ಬೂದಿ ಶಾಲೇ ಸಾಕು" ಅಂತ ಹಟ ಹಿಡಿದರೆ ಬಿಟ್ಟುಬಿಡು, ಬೂದಿ ಹಸಿರಿನ ಪಕ್ಕ ಕೆಡುವುದಿಲ್ಲ. ಕನ್ನಡಕದವರಿಗೆ ಕಪ್ಪು ಬೇಡ ಅಂತ ಹೇಳು, ಫೋಟೋದಲ್ಲಿ ಅವರು ಮೊದಲೇ ಗಂಭೀರ.

ನನ್ನ ಹೆಸರಿನ ಮುಂದೆ ಹಸಿರು ಅಂತ ಬರೆದಿದ್ದೇನೆ. ರಟ್ಟನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ನೋಡಿಕೋ. ನಿನ್ನ ಎಡಗಡೆ ನಾನು ನಿಲ್ಲುತ್ತೇನೆ. ಟೈಲರ್ ಆಂಟಿಗೆ ಅಳತೆ ಹಿಂದೆ ಬರೆದಿದ್ದೇನೆ, ತೋಳು ಸ್ವಲ್ಪ ಉದ್ದ ಬಿಡಲಿ. ಮೈಕುವಿಗೂ ಕಂಬಳಿಗೂ ಕರೆಯೋಲೆ ಕಳಿಸು. ಮೈಕು ಕ್ಷಮೆ ಕೇಳಲು ಬರುತ್ತಾಳಂತೆ, ಊಟಕ್ಕೂ ಅಂತ ನನ್ನ ಅಂದಾಜು.

ಅಜ್ಜಿಗೆ ನಮಸ್ಕಾರ ಹೇಳು, ಮಂಡಿಗೆ ಬಿಸಿ ಶಾಖ ಕೊಡಲು ಮರೆಯಬೇಡ ಅನ್ನು. ಮಕ್ಕಳು ಅಮ್ಮಂದಿರಿಗೆ ಹರಸುವ ಪದ್ಧತಿ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ನೀವಿಬ್ಬರೂ ತುಂಬಾ ವರ್ಷ ಒಬ್ಬರನ್ನೊಬ್ಬರು ನೋಡಿಕೊಂಡು ಚೆನ್ನಾಗಿರಿ. ಇದನ್ನು ಬೋರ್ಡು ನೋಡಿ ಬರೆದಿಲ್ಲ.

ಇಂತಿ ನಿನ್ನ ಮಗಳು,
ಕಡ್ಡಿ

ತಾ.ಕ.: ಕವರು ಅಂಟಿಸುವ ಮೊದಲು ಇನ್ನೊಂದು ಮಾತು. ಮೇಲೆ ಬರೆದದ್ದೆಲ್ಲ ನಿಜ, ತಪ್ಪು ನನ್ನದೇ. ಆದರೆ ಆವತ್ತು ನೀನು ಪೆನ್ನು ಹಿಡಿದು ನಿಂತಾಗ ನಾನು ಕಾಯುತ್ತಿದ್ದೆ. "ಅಲ್ಲಮ್ಮಾ, ನಾನು ಇವಳ ತಾಯಿ" ಅಂತ ನೀನು ಹೇಳಿಬಿಡಲಿ ಅಂತ. ಹೇಳಿದ್ದರೆ ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ, ಆದರೂ ಕಾಯುತ್ತಿದ್ದೆ. ನಿನ್ನ ಕೈ ಒಂದು ಚೂರೂ ತಡವರಿಸಲಿಲ್ಲ. ನನ್ನ ಮಾನ ಉಳಿಸಲು ಹಾಗೆ ಮಾಡಿದೆ ಅಂತ ಗೊತ್ತು. ಹೊರಡುವಾಗಲೂ ನೀನು ಏನೂ ಅನ್ನಲಿಲ್ಲ, ಫೋನಿನಲ್ಲೂ ಅನ್ನಲಿಲ್ಲ, ಕೊನೆಗೆ ಯಾವ ಕಡೆ ನಿಂತರೂ ಸರಿ ಅಂತ ಬರೆದು ಕಳಿಸಿದೆ. ನನಗೆ ಸರಿಯಿಲ್ಲ ಅಮ್ಮ. ನಾನು ಏಳನೇ ವರ್ಷಕ್ಕೆ ಹಾಸ್ಟೆಲ್ ಸೇರಿದಾಗಿನಿಂದ ನೀನು ನನ್ನನ್ನು ನೋಡಿದ್ದು ಭೇಟಿಯ ಹೊತ್ತಿನಲ್ಲಿ. ಎರಡು ಗಂಟೆಯ ಭೇಟಿಯಲ್ಲಿ ಯಾರೂ ಮಕ್ಕಳನ್ನು ಬೈಯುವುದಿಲ್ಲ. ರಜೆಗೆ ಮನೆಗೆ ಬಂದರೂ, ನಾಲ್ಕು ದಿನ ಇದ್ದು ಹೋಗೋಳು ಅಂತ ಬೈಯುತ್ತಿರಲಿಲ್ಲ. ರಜೆ ಮುಗಿಸಿ ಬಂದ ಹುಡುಗಿಯರು ಅಮ್ಮ ಹೀಗೆ ಬೈದಳು, ಹಾಗೆ ಬೈದಳು ಅಂತ ಹೇಳುವಾಗ ನಾನೂ ಕತೆ ಕಟ್ಟಿ ಹೇಳುತ್ತಿದ್ದೆ. ಮುಂದಿನ ತಿಂಗಳು ಹದಿನೆಂಟಕ್ಕೆ ಬರುತ್ತೇನೆ. ಮನೆಯಲ್ಲಿ ಜನ ಸೇರುವ ಮೊದಲು, ಬಾಗಿಲು ಹಾಕಿಕೊಂಡಾದರೂ ಸರಿ, ನಾನು ಮಾಡಿದ್ದಕ್ಕೆ ನನ್ನನ್ನು ಬೈಯಿ. ಸಮಾಧಾನ ಮಾಡಬೇಡ. ಬೈಯಿ.