ಯಾರ ಕೈ?

ಆಗಸ್ಟ್ ೨೦, ಮಂಗಳವಾರ. ಬೆಳಿಗ್ಗೆ ೭:೫೦, ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿತು. ತಳಕು ದಾಟಿದರೂ ತೊಡೆಯ ಮೇಲಿನ ಹಾಳೆಗಳ ಕಟ್ಟು ಕರಗಿಲ್ಲ. ಒಂಬತ್ತನೇ ಕ್ಲಾಸಿನ ಚಿತ್ರಗಳು, ಅರವತ್ತೆರಡು ಹಾಳೆ. ಮೊಳಕಾಲ್ಮೂರು ಬರುವಷ್ಟರಲ್ಲಿ ಗ್ರೇಡ್ ಹಾಕಿ ಮುಗಿಸಬೇಕು. ವಿಷಯ ನಾನೇ ಕೊಟ್ಟಿದ್ದು — ‘ನಮ್ಮ ಮನೆಯ ಒಬ್ಬರು’. ಇಪ್ಪತ್ತು ಅಪ್ಪಂದಿರು, ಎಲ್ಲರಿಗೂ ಒಂದೇ ಮೀಸೆ. ಒಬ್ಬ ಮೇಕೆ ಬರೆದಿದ್ದಾನೆ. ಅದೂ ಮನೆಯದೇ ಅಂತೆ. ಬಿ ಕೊಟ್ಟೆ. ಮೇಕೆ ಚೆನ್ನಾಗಿದೆ.

ಐವತ್ತೊಂದನೇ ಹಾಳೆಗೆ ಪೆನ್ನು ನಿಂತಿತು. ಸ್ವಪ್ನಳದು. ರಾಟೆ ಮುಂದೆ ರೇಷ್ಮೆ ನೂಲನ್ನು ಕಂಡಿಕೆಗೆ ಸುತ್ತುತ್ತಾ ಕುಳಿತ ಅಜ್ಜಿ. ಎಳೆ ಹಿಡಿದ ಬೆರಳಿನ ಗೆಣ್ಣುಗಳು, ಕತ್ತಿನ ಕೆಳಗಿನ ನೆರಳು, ಅರ್ಧ ತೆರೆದ ಬಾಯಿ — ಏನೋ ಹೇಳುತ್ತಿದ್ದಾಳೆ, ಕೇಳಿಸುವಂತೆಯೇ ಇದೆ... ಕ್ಲಾಸಿನಲ್ಲಿ ಹೂಕುಂಡಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆಯುವ ಹುಡುಗಿ ಇವಳು. ಸಾಧ್ಯವೇ ಇಲ್ಲ. ಹೋದ ವರ್ಷ ಮೂವರು, ಅಂಗಡಿ ಬೋರ್ಡ್ ಬರೆಯುವ ಬೊಮ್ಮಲಿಂಗಪ್ಪನ ಕೈಯಲ್ಲಿ ಸೂರ್ಯೋದಯ ಬರೆಸಿ ತಂದು ಸಿಕ್ಕಿಬಿದ್ದಿದ್ದರು.

ಹಾಳೆಯ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದೆ: ‘ಯಾರ ಕೈ?’ ಸಿ ಹಾಕಿದೆ.

ಹಾನಗಲ್ ಬಂತು. ಇನ್ನು ಹನ್ನೊಂದು.

ಆಗಸ್ಟ್ ೨೧, ಬುಧವಾರ

ಹಾಳೆ ಹಂಚಿದೆ. ಮೇಕೆಯವನು ಕುಣಿದ. ಸ್ವಪ್ನ ಹಿಂದೆ ತಿರುಗಿಸಿ ಓದಿದಳು. ಇನ್ನೊಮ್ಮೆ ಓದಿದಳು. “ನಂದೇ ಮಿಸ್” ಎಂದಳು, ಅಷ್ಟೇ. “ಹಂಗಾದ್ರೆ ಇಲ್ಲೇ ಒಂದು ಬರೆದು ತೋರಿಸು” ಎಂದೆ. ಬರೆಯಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿದಳು.

ಅಲ್ಲಿಗೆ ಖಾತ್ರಿಯಾಯಿತು ಅಂದುಕೊಂಡೆ.

ಆಗಸ್ಟ್ ೨೩, ಶುಕ್ರವಾರ

ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಹೆಸರು ಕೊಟ್ಟವರು ಏಳು ಜನ. ಇವತ್ತು ಆರು. ಸ್ವಪ್ನ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಹೊಡೆದುಹಾಕಿದ್ದಾಳೆ. ಸ್ಕೇಲ್ ಇಟ್ಟು. ನೇರ ಗೆರೆ.

ಆಗಸ್ಟ್ ೨೯, ಗುರುವಾರ

ಎರಡು ಡ್ರಾಯಿಂಗ್ ಪೀರಿಯಡ್‌ಗೆ ಸ್ವಪ್ನ ಇಲ್ಲ. ಲೈಬ್ರರಿಯಲ್ಲಿ ಕೂರುತ್ತಾಳಂತೆ. ಸಂಜೆ ಬೊಮ್ಮಲಿಂಗಪ್ಪನ ಅಂಗಡಿಗೇ ಹೋದೆ. ಏಣಿಯ ಮೇಲೆ ನಿಂತು ‘ಸಿಮೆಂಟ್’ ಬರೆಯುತ್ತಿದ್ದ. ಹಾಳೆ ಹಂಚುವ ಮೊದಲೇ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಚಿತ್ರದ ಫೋಟೋ ತೋರಿಸಿದೆ.

“ಇದು ನೀನು ಬರೆದಿದ್ದಾ?”

ಇಳಿದು ಬಂದ. ಕನ್ನಡಕ ಹಾಕಿಕೊಂಡು ನೋಡಿದ. ನಕ್ಕ.

“ಮೇಡಂ, ಹಿಂಗೆ ಬೆರಳು ಬರೆಯಾಕೆ ಬಂದಿದ್ರೆ ನಾನ್ಯಾಕೆ ಏಣಿ ಮ್ಯಾಲೆ ನಿಂತಿರ್ತಿದ್ದೆ? ನನಗೆ ಅಕ್ಷರ ಬರ್ತೈತೆ, ಸೂರ್ಯ ಬರ್ತೈತೆ, ತೆಂಗಿನಮರ ಬರ್ತೈತೆ. ಮನುಷ್ಯರು ಬರಲ್ಲ. ಯಾರು ಬರೆದಿದ್ದು ಇದನ್ನ?”

ಬಸ್ಸಿಗೆ ಓಡಿದೆ. ಹತ್ತೊಂಬತ್ತು ವರ್ಷದ ಸರ್ವೀಸ್! ನಾಳೆ ಸ್ವಪ್ನಳ ಹತ್ತಿರ ಮಾತಾಡಬೇಕು.

ಆಗಸ್ಟ್ ೩೦, ಶುಕ್ರವಾರ

ಮಾತಾಡಲಿಲ್ಲ. ಲೈಬ್ರರಿ ಬಾಗಿಲ ತನಕ ಹೋದೆ. ಅವಳು ತಲೆ ಎತ್ತಿದಳು... ಡಿಕ್ಷನರಿ ಕೇಳಿ ತಗೊಂಡು ಬಂದೆ. ನನಗೆ ಯಾಕೆ ಡಿಕ್ಷನರಿ?

ಸೆಪ್ಟೆಂಬರ್ ೨, ಸೋಮವಾರ

ಎಲ್ಲವನ್ನೂ ಬರೆದಿಡಬೇಕು.

ಮೂರನೇ ಪೀರಿಯಡ್. ಒಂಬತ್ತನೇ ಕ್ಲಾಸಿಗೆ ನೆರಳು-ಬೆಳಕು ಹೇಳುತ್ತಿದ್ದೆ. ಬಾಗಿಲಲ್ಲಿ ಒಬ್ಬ ಅಜ್ಜಿ. ಹಸಿರು ರೇಷ್ಮೆ ಸೀರೆ, ಕತ್ತಿಗೆ ಹಳೇ ಟವೆಲ್ಲು, ಮೈತುಂಬ ನೋವಿನ ಮುಲಾಮಿನ ವಾಸನೆ. ಹಿಂದೆ ಹೆಡ್‌ಮಾಸ್ಟರ್ ಜಯದೇವಪ್ಪನವರು, “ಅಮ್ಮಾ, ಪೇರೆಂಟ್ಸ್ ಮೀಟಿಂಗ್ ಇವತ್ತಲ್ಲ” ಎನ್ನುತ್ತಾ ಓಡಿ ಬರುತ್ತಿದ್ದಾರೆ. ಅವರ ಹಿಂದೆ ಅಳುಮುಖದ ಸ್ವಪ್ನ.

ನೋಡಿದ ಕೂಡಲೇ ಗುರುತು ಸಿಕ್ಕಿತು. ಬಾಯಿ ಕೂಡ ಚಿತ್ರದಲ್ಲಿದ್ದಂತೆಯೇ ಅರ್ಧ ತೆರೆದಿತ್ತು.

“ಡ್ರಾಯಿಂಗ್ ಮಿಸ್ಸು ನೀನೇನಮ್ಮಾ? ನಾನು ಯರ್ರಮ್ಮ. ನಾಕು ಸಂಜೆ ಅಲ್ಲಾಡದಂಗೆ ಕುಂತೋಳು ನಾನು. ಕತ್ತು ಹಿಡ್ಕಂಡಿದ್ದು ನಂದು. ನೀನು ನೋಡಿದ್ರೆ ಇನ್ಯಾರ್ದೋ ಕೈ ಅಂತೀಯ! ಅಯ್ಯೋ ದೇವುಡಾ, ಇಷ್ಟೊಂದು ನೋವು ಸುಳ್ಳಿಗೆ ಬರ್ತೈತಾ?”

ಇಡೀ ಕ್ಲಾಸು ಗೊಳ್ಳೆಂದಿತು. ನನಗೂ ನಗು ಬಂತು, ಅದರ ಜೊತೆಗೇ ಕಣ್ಣು ತುಂಬಿತು. “ತಪ್ಪಾಯ್ತಮ್ಮ” ಎಂದೆ.

“ಬಾಯಲ್ಲಿ ಬ್ಯಾಡ. ನೀನೂ ಬರಿ ನನ್ನ. ಟೀಚರ್ ಕೈ ಹೆಂಗೈತೆ ನಾನೂ ನೋಡಾಣ.”

ನನ್ನ ಕುರ್ಚಿಯಲ್ಲೇ ಕುಳಿತರು. ಹೆಡ್‌ಮಾಸ್ಟರ್ ಹೊರಗೆ ಹೋಗಲಿಲ್ಲ, ಕೊನೇ ಬೆಂಚಿನಲ್ಲಿ ಜಾಗ ಮಾಡಿಸಿಕೊಂಡರು. ದಾವಣಗೆರೆಯ ಚಿತ್ರಕಲಾ ಕಾಲೇಜು ಬಿಟ್ಟ ಮೇಲೆ ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಬರೆದೇ ಇಲ್ಲ ನಾನು. ಬರೀ ಬೋರ್ಡಿನ ಮೇಲೆ ಮಡಕೆ, ಹೂಕುಂಡ, ಘನ, ಸಿಲಿಂಡರ್. ಮೊದಲ ಗೆರೆಯೇ ಸೊಟ್ಟಗೆ ಹೋಯಿತು. ರಬ್ಬರ್ ಹಾಕಿದೆ. ಮಕ್ಕಳಿಗೆ ರಬ್ಬರ್ ಮುಟ್ಟಬೇಡಿ ಎನ್ನುವವಳು! ನಲವತ್ತು ನಿಮಿಷ. ಬೆವರು. ಬೆಲ್ ಹೊಡೆದರೂ ಒಬ್ಬರೂ ಏಳಲಿಲ್ಲ.

ಮುಗಿಸಿ ತೋರಿಸಿದೆ. ಯರ್ರಮ್ಮ ಹಾಳೆ ದೂರ ಹಿಡಿದರು, ಹತ್ತಿರ ಹಿಡಿದರು.

“ಇದು ನಮ್ಮ ನಾದಿನಿ ಕೆಂಚಕ್ಕ. ಅವಳ್ಯಾಕೆ ಬಂದ್ಲು ಇಲ್ಲಿಗೆ?”

ಹೆಡ್‌ಮಾಸ್ಟರ್ ಬೆಂಚು ತಟ್ಟಿ ನಕ್ಕರು. ಮೇಕೆಯವನು ಎದ್ದು ನಿಂತ. “ಮಿಸ್, ನಾವು ನಿಮಗೆ ಮಾರ್ಕ್ಸ್ ಹಾಕ್ಬೋದಾ?”

ಹಾಕಿ ಎಂದೆ. ನನ್ನದೇ ಐದು ಅಂಶ ಬೋರ್ಡಿನ ಮೇಲಿತ್ತು: ಅಳತೆ, ರೇಖೆ, ನೆರಳು-ಬೆಳಕು, ಹೋಲಿಕೆ, ಅಚ್ಚುಕಟ್ಟು. ಒಂದೊಂದಕ್ಕೆ ಐದು. ಅಳತೆಗೆ ಮೂರು. ರೇಖೆಗೆ ಮೂರು. ಅಚ್ಚುಕಟ್ಟಿಗೆ ಎರಡು — ರಬ್ಬರಿನ ಕಲೆ. ಉಳಿದ ಎರಡನ್ನು ಸ್ವಪ್ನ ಹಾಕಲಿ ಎಂದೆ. ಬಾಗಿಲ ಹತ್ತಿರವೇ ನಿಂತಿದ್ದಳು. ತುಂಬ ಹೊತ್ತು ನೋಡಿದಳು.

“ನೆರಳಿಗೆ ನಾಕು. ಹೋಲಿಕೆಗೆ ಒಂದು. ಅಜ್ಜಿದು ಎಡಗಣ್ಣು ಸಣ್ಣದು ಮಿಸ್. ನೀವು ಎರಡೂ ಒಂದೇ ಸಮ ಮಾಡಿದೀರ.”

ಯರ್ರಮ್ಮನ ಕಡೆ ತಿರುಗಿದೆ. ಹೌದು. ಎಡಗಣ್ಣು ಸಣ್ಣದು. ನಲವತ್ತು ನಿಮಿಷ ನೋಡಿದೆ, ಕಾಣಲೇ ಇಲ್ಲ.

ಇಪ್ಪತ್ತೈದಕ್ಕೆ ಹದಿಮೂರು.

“ಸ್ವಪ್ನ, ನಿನ್ನನ್ನು ಕೇಳದೇ ಕಳ್ಳಿ ಮಾಡಿದೆ. ತಪ್ಪು ನಂದು” ಎಂದೆ. ಎಲ್ಲರ ಮುಂದೆ ಹೇಳಿದ್ದೆ, ಎಲ್ಲರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕು. “ಆ ಹಾಳೆ ಕೊಡು, ಬರೆದಿದ್ದನ್ನು ಅಳಿಸ್ತೀನಿ.”

ಬ್ಯಾಗಿನಿಂದ ತೆಗೆದಳು. ಮಡಿಕೆ ಸವರಿ ಬಿಡಿಸಿದಳು.

“ಅಳಿಸ್ಬ್ಯಾಡ್ರಿ ಮಿಸ್. ಪ್ರಶ್ನೆ ಇರ್ಲಿ. ಕೆಳಗೆ ಉತ್ತರ ಬರೀರಿ.”

ಬರೆದೆ: ‘ಸ್ವಪ್ನಳ ಕೈ.’ ಸಹಿ, ತಾರೀಖು. ಹೆಡ್‌ಮಾಸ್ಟರ್ ಸೀಲ್ ತರಲಾ ಎಂದರು.

ಸೆಪ್ಟೆಂಬರ್ ೩, ಮಂಗಳವಾರ

ಸಿ ಹೊಡೆದು ಏನು ಹಾಕುವುದು? ಎ ಹಾಕಿಬಿಡೋಣ ಅನಿಸಿತು, ನಾಚಿಕೆಗೆ. ಆಮೇಲೆ ಕುಳಿತು ಸರಿಯಾಗಿ ನೋಡಿದೆ. ರಾಟೆಯ ಚಕ್ರ ಮೊಟ್ಟೆಯಂತಾಗಿದೆ. ಎಡಗೈ ದೊಡ್ಡದು. ಬಿ ಪ್ಲಸ್. ಯಾಕೆ ಎಂದು ತೋರಿಸಿ ಹೇಳಿದೆ. ಬೇಜಾರಾಗುತ್ತಾಳೆ ಅಂದುಕೊಂಡಿದ್ದೆ. “ಹೌದಲ್ಲ!” ಎಂದು ಚಕ್ರದ ಮೇಲೆ ಬೆರಳಾಡಿಸಿದಳು, ಮುಖ ಅರಳಿಸಿಕೊಂಡು.

“ಕ್ಲಾಸಲ್ಲಿ ಯಾಕೆ ಸ್ಕೇಲ್ ಇಡ್ತೀಯಾ?” ಕೇಳಿದೆ.

“ಅಜ್ಜಿ ಮಾತಾಡ್ತಾ ಕುಂತಿರ್ತಾಳೆ ಮಿಸ್, ಕೈ ತಾನೇ ಹೋಗ್ತೈತೆ. ಹೂಕುಂಡ ಸುಮ್ನೆ ಕುಂತಿರ್ತೈತೆ. ಭಯ ಆಗ್ತೈತೆ.”

ಪರೀಕ್ಷೆ ಫಾರಂಗೆ ಇವತ್ತೇ ಕೊನೇ ದಿನ. ಮಧ್ಯಾಹ್ನ ಬಂದು ತುಂಬಿದಳು. ಮತ್ತೆ ಏಳು.

ಸೆಪ್ಟೆಂಬರ್ ೧೧, ಬುಧವಾರ

ಹೂಕುಂಡಕ್ಕೆ ರಜೆ. ವಾರಕ್ಕೊಬ್ಬರು ಬಂದು ಕೂರುತ್ತಾರೆ. ಮಕ್ಕಳು ಅಲ್ಲೇ ಬರೆಯಬೇಕು, ನಾನು ಬೆಂಚಿನ ಮಧ್ಯೆ ಓಡಾಡುತ್ತಾ ಅಲ್ಲೇ ನೋಡಿ ಗ್ರೇಡ್ ಹಾಕಬೇಕು. ಬಸ್ಸಿನಲ್ಲಿ ಹಾಕುವುದು ಬಂದ್. ಇವತ್ತು ಹೆಡ್‌ಮಾಸ್ಟರ್ ಕೂತರು. ಅರ್ಧ ಗಂಟೆ ಹೊಟ್ಟೆ ಒಳಗೆಳೆದುಕೊಂಡೇ ಇದ್ದರು. ಒಬ್ಬರೂ ಮೋಸ ಹೋಗಲಿಲ್ಲ. ಅರವತ್ತೆರಡು ಹಾಳೆ, ಅರವತ್ತೆರಡು ಹೊಟ್ಟೆ.

ನಾನೂ ಬರೆದೆ. ಹದಿನೈದು ಬಂತು.

ನವೆಂಬರ್ ೨೩, ಶನಿವಾರ. ಸಂಜೆ ೪:೨೦, ಚಳ್ಳಕೆರೆ ಬಸ್ ಸ್ಟ್ಯಾಂಡ್

ಡ್ರಾಯಿಂಗ್ ಪರೀಕ್ಷೆ ಇಲ್ಲೇ ಇತ್ತು, ಮುಗಿಯಿತು. ಏಳೂ ಜನ ನಗುತ್ತಾ ಹೊರಗೆ ಬಂದರು. ಹೇಗಾಯಿತೋ, ರಿಸಲ್ಟ್ ಬಂದಾಗ ನೋಡೋಣ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದೆ. ಆರು ಜನ ಇನ್ನೊಂದು ಪ್ಲೇಟ್ ಅಂತ ಅಲ್ಲೇ ನಿಂತಿದ್ದಾರೆ. ಮೊಳಕಾಲ್ಮೂರು ಬಸ್ಸಿಗೆ ಇನ್ನೂ ಅರ್ಧ ಗಂಟೆ. ಇವರನ್ನು ಹತ್ತಿಸಿ ನಾನು ಇಲ್ಲೇ ಊರೊಳಗಿನ ಮನೆಗೆ ಹೋಗಬೇಕು.

ಸ್ವಪ್ನ ಮಾತ್ರ ಎದುರಿನ ಕಲ್ಲು ಬೆಂಚಿನಲ್ಲಿ. ಮೊಣಕಾಲ ಮೇಲೆ ಹಾಳೆ. ಒಮ್ಮೆ ನನ್ನ ಕಡೆ, ಒಮ್ಮೆ ಹಾಳೆಯ ಕಡೆ... ಆಗಲೇ ಶುರು ಮಾಡಿಬಿಟ್ಟಿದ್ದಾಳೆ! ಯಾರೂ ನನ್ನನ್ನು ಕೂರಿಸಿ ಬರೆದಿಲ್ಲ ಇದುವರೆಗೆ. ಸೆರಗು ಸರಿಮಾಡಿಕೊಂಡೆ. ಹಾಗೇ ಇರಲಿ ಮೊದಲಿನಂಗೆ, ಅಂದಳು. ನಗಬೇಡಿ, ಅಂದಳು.

“ಮಿಸ್, ಬರೆಯೋದು ನಿಲ್ಸ್ರಿ. ಕೈ ಅಲ್ಲಾಡ್ತೈತೆ.”

ಇದೊಂದು ಸಾಲು ಅಂದೆ. ಕೇಳುವುದಿಲ್ಲ. ಪೆನ್ಸಿಲ್ ಎತ್ತಿ ಹಿಡಿದು ಕಾಯುತ್ತಿದ್ದಾಳೆ, ಒಂದು ಕಣ್ಣು ಮುಚ್ಚಿ, ಎಷ್ಟು ಗಂಭೀರ ಮುಖ ಅಂದರೆ —